ಐದು ವಿಸಿಲಿನ ಚೆನ್ನಯಣ್ಣ

ನಮ್ಮ ಲ್ಯಾಬಿನಿಂದ ಹೊರಡುವ ಪ್ರತಿ ರಿಪೋರ್ಟಿನ ಕೆಳಗೆ ಡಾಕ್ಟರ ಸಹಿ ಇರುತ್ತದೆ. ಟೈಪ್ ಮಾಡಿದವಳ ಹೆಸರು, ಅಂದರೆ ಅನುರಾಧಾ ಎಂಬ ನನ್ನ ಹೆಸರು, ಇರುವುದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ, ನಾನು ಮಾಡುವುದು ಬೆರಳಿನ ಕೆಲಸ. ಆದರೆ ಚೆನ್ನಯಣ್ಣನ ಹೆಸರೂ ಇರುವುದಿಲ್ಲವಲ್ಲ, ಅದು ಹದಿನೆಂಟು ವರ್ಷಗಳಿಂದ ನನಗೆ ಸಿಟ್ಟು ತರಿಸುವ ಸಂಗತಿ. ಅವರು ಕೊಯ್ದು, ಬೇಯಿಸಿ, ಬಣ್ಣ ಹಾಕಿಕೊಟ್ಟ ಗಾಜಿನ ಪಟ್ಟಿ ಇಲ್ಲದಿದ್ದರೆ ಎಂಥ ದೊಡ್ಡ ಡಾಕ್ಟರಿಗೂ ಮೈಕ್ರೋಸ್ಕೋಪಿನಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಹಾಗಾಗಿ ಅವರ ಬಗ್ಗೆ ನಾನೇ ಬರೆಯಲು ಕುಳಿತಿದ್ದೇನೆ. ಬರೀ ಹೊಗಳಿದರೆ ಅವರೇ ನನಗೆ ಬೈಯುತ್ತಾರೆ. ಆದ್ದರಿಂದ ಅವರು ಮಾಡಿದ ತಪ್ಪನ್ನೂ ಬರೆಯುತ್ತೇನೆ, ಅದನ್ನು ಬಿಟ್ಟರೆ ಅವರ ಕತೆಯೇ ಆಗುವುದಿಲ್ಲ.

ಚೆನ್ನಯಣ್ಣ ಕಾರ್ಕಳದ ಹತ್ತಿರದವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿಗೆ ಬಂದರು. ಹಗಲು ಕಪ್ ಬಸಿ ತೊಳೆಯುವುದು, ಕತ್ತಲಾದ ಮೇಲೆ ಕನ್ನಡ ರಾತ್ರಿ ಶಾಲೆ. ಅಲ್ಲಿ ಮೇಷ್ಟ್ರು ಪಾಠ ಮಾಡುವಾಗ ಅರ್ಧ ತರಗತಿ ತೂಕಡಿಸುತ್ತಿತ್ತಂತೆ. ಕುಳಿತರೆ ನಿದ್ದೆ ಬರುತ್ತದೆ ಎಂದು ಚೆನ್ನಯಣ್ಣ ಮಾತ್ರ ನಾಲ್ಕು ವರ್ಷವೂ ಗೋಡೆಗೆ ಒರಗಿ ನಿಂತೇ ಪಾಠ ಕೇಳಿದರಂತೆ. ಇದು ಅವರೇ ಹೇಳಿದ್ದು, ಒಂದಿಷ್ಟು ಉಪ್ಪುಖಾರ ಸೇರಿರಬಹುದು.

ಆ ಹೋಟೆಲಿನ ಮುಂಭಾಗದಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುವ ದೊಡ್ಡ ಬಾಣಲೆ ಇತ್ತು. ಹದಿನೆಂಟಕ್ಕೆ ಚೆನ್ನಯಣ್ಣ ಆ ಬಾಣಲೆಯ ಉಸ್ತುವಾರಿಗೆ ಬಂದರು. ಬ್ಲೇಡಿನ ಮಣೆಯ ಮೇಲೆ ಅವರು ಬಾಳೆಕಾಯಿ ಜಾರಿಸಿದರೆ ಬಿಲ್ಲೆಗಳು ನೇರ ಎಣ್ಣೆಗೆ ಬೀಳುತ್ತಿದ್ದವು, ಒಂದು ಎಷ್ಟು ತೆಳುವೋ ಇನ್ನೊಂದೂ ಅಷ್ಟೇ ತೆಳು. ಸಂಜೆ ಕಾಫಿಗೆ ಬರುತ್ತಿದ್ದ ಒಬ್ಬ ವಯಸ್ಸಾದ ಪೆಥಾಲಜಿ ಡಾಕ್ಟರು ಇದನ್ನು ವಾರಗಟ್ಟಲೆ ನೋಡಿದರು. ಒಂದು ದಿನ ಚಿಪ್ಸೊಂದನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮ ಲ್ಯಾಬಿಗೆ ಬರ್ತೀಯಾ, ಅಲ್ಲಿ ಇದಕ್ಕಿಂತ ತೆಳು ಹೆಚ್ಚಬೇಕು ಎಂದು ಕೇಳಿದರು. ಆ ಡಾಕ್ಟರು ಈಗಿಲ್ಲ. ಅವರು ಕಟ್ಟಿದ್ದೇ ಅಂಧೇರಿಯಲ್ಲಿರುವ ನಮ್ಮ ಲ್ಯಾಬು.

ಇಲ್ಲಿಗೆ ಆಸ್ಪತ್ರೆಗಳಿಂದ ರೋಗಿಗಳ ಮೈಯ ಚೂರುಗಳು ಬರುತ್ತವೆ. ಅವನ್ನು ಮೇಣದ ಬಿಲ್ಲೆಯೊಳಗೆ ಕೂರಿಸುತ್ತೇವೆ, ಬ್ಲಾಕ್ ಎಂದು ಅದಕ್ಕೆ ಹೆಸರು. ಬ್ಲಾಕನ್ನು ಯಂತ್ರದ ಕತ್ತಿಗೆ ಕೊಟ್ಟು ಕೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲಿನಷ್ಟು ತೆಳುವಾದ ಪದರ ತೆಗೆಯಬೇಕು. ಮೂವತ್ತೈದು ವರ್ಷಗಳಿಂದ ಚೆನ್ನಯಣ್ಣ ಅದನ್ನು ತೆಗೆಯುತ್ತಿದ್ದಾರೆ. ನಡುವೆ ಪರೀಕ್ಷೆ ಕಟ್ಟಿ ಟೆಕ್ನಿಷಿಯನ್ ಸರ್ಟಿಫಿಕೇಟನ್ನೂ ಪಡೆದರು. ಬೇರೆ ಲ್ಯಾಬಿನವರು ಕೈಚೆಲ್ಲಿದ ಬ್ಲಾಕುಗಳು ಇವರನ್ನು ಹುಡುಕಿಕೊಂಡು ಬರುತ್ತವೆ. ಅದರ ಜಂಭವೂ ಅವರಿಗೆ ಬೇಕಾದಷ್ಟಿದೆ. ಇರಲಿ, ಸಲ್ಲಬೇಕಾದ ಜಂಭವೇ.

ಈಗ ಒಂದು ಜೀನಿನ ವಿಷಯ ಹೇಳಬೇಕು, ಹೆದರಬೇಡಿ, ಟೈಪಿಸ್ಟಿಗೆ ಅರ್ಥವಾದಷ್ಟೇ ಹೇಳುತ್ತೇನೆ. ನಮ್ಮ ಪ್ರತಿ ಜೀವಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವೆ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಅಪ್ಪಣೆ ಕೊಡಲು ಕೆಲವು ಮೇಸ್ತ್ರಿ ಜೀನುಗಳಿವೆ. ಶ್ವಾಸಕೋಶದ ಮೇಸ್ತ್ರಿಗೆ ಟಿಟಿಎಫ್-ಒನ್ ಎಂದು ಹೆಸರು. ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಕಟ್ಟುವುದು ಅದರ ಉಸ್ತುವಾರಿಯಲ್ಲೇ. ಗಂಟಲ ಬಳಿಯ ಥೈರಾಯಿಡ್ ಗ್ರಂಥಿಯಲ್ಲೂ ಅದು ಕೆಲಸ ಮಾಡುತ್ತದೆ, ಮೈಯ ಬೇರೆ ಭಾಗಗಳಲ್ಲಿ ಕಾಣಿಸುವುದು ಅಪರೂಪ. ಶ್ವಾಸಕೋಶದ ಕೋಶ ಕೆಟ್ಟು ಕ್ಯಾನ್ಸರ್ ಆದಾಗಲೂ ಬಹಳ ಸಲ ಈ ಮೇಸ್ತ್ರಿ ಕೆಲಸ ಬಿಡುವುದಿಲ್ಲ, ಕೆಟ್ಟ ಕೋಶವೂ ಬದುಕುವುದಕ್ಕೆ ಅವನನ್ನೇ ನೆಚ್ಚಿಕೊಂಡಿರುತ್ತದೆ. ಹಾಗಾಗಿ ಗಡ್ಡೆಯ ಚೂರಿಗೆ ಟಿಟಿಎಫ್-ಒನ್ ಬಣ್ಣ, ಅಂದರೆ ಆ ಜೀನಿನ ಪ್ರೋಟೀನಿಗಷ್ಟೇ ಅಂಟುವ ಬಣ್ಣ, ಹಾಕಿ ಕೋಶಗಳೊಳಗಿನ ಚುಕ್ಕೆ ಕಂದಾದರೆ, ಈ ಕ್ಯಾನ್ಸರ್ ಹುಟ್ಟಿದ್ದು ಶ್ವಾಸಕೋಶದಲ್ಲೇ ಎಂದು ಡಾಕ್ಟರು ಧೈರ್ಯವಾಗಿ ಹೇಳಬಹುದು. ಕಂದಾಗದಿದ್ದರೆ ಸ್ತನದಿಂದಲೋ ಹೊಟ್ಟೆಯಿಂದಲೋ ಇಲ್ಲಿಗೆ ಹರಡಿರಬಹುದು ಎಂದು ಹುಡುಕಾಟ ಶುರುವಾಗುತ್ತದೆ. ಔಷಧಿಯ ದಾರಿಯೇ ಬೇರೆಯಾಗುತ್ತದೆ.

ಬಣ್ಣ ಹಿಡಿಯಬೇಕಾದರೆ ಪದರ ಕೂರಿಸಿದ ಗಾಜಿನ ಪಟ್ಟಿಯನ್ನು, ಅಂದರೆ ಸ್ಲೈಡನ್ನು, ಮೊದಲು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಬೇಕು. ಹೌದು, ಅಡುಗೆಮನೆಯ ಕುಕ್ಕರೇ. ಚೂರು ಕೊಳೆಯದಿರಲೆಂದು ಹಾಕಿದ ಫಾರ್ಮಲಿನ್ ಒಳಗಿನ ಪ್ರೋಟೀನುಗಳಿಗೆ ಬೀಗ ಜಡಿದಿರುತ್ತದೆ. ಒತ್ತಡದ ಬಿಸಿಯಲ್ಲಿ ಬೆಂದರೆ ಮಾತ್ರ ಆ ಬೀಗ ಬಿಚ್ಚುತ್ತದೆ. ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆಲ್ಲ ಯಂತ್ರ ಬಂದಿದೆ. ನಮ್ಮಲ್ಲಿ ಕುಕ್ಕರು, ಮತ್ತು ಚೆನ್ನಯಣ್ಣ. ನಮ್ಮ ಈಗಿನ ಡಾಕ್ಟರು ಸ್ನೇಹಲ್ ಮೇಡಂ ಎಷ್ಟು ನಿಮಿಷ ಬೇಯಿಸಬೇಕೆಂದು ಕಾಗದದಲ್ಲಿ ಬರೆದು ಗಡಿಯಾರದ ಕೆಳಗೆ ಅಂಟಿಸಿದ್ದರು. ಚೆನ್ನಯಣ್ಣ ಆ ಕಾಗದದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಐದು ವಿಸಿಲ್, ಅಷ್ಟೇ ಅವರ ಲೆಕ್ಕ. “ನಾನು ಹಬೆಯಲ್ಲೇ ಬೆಳೆದವ ಮಾರಾಯ್ತಿ, ನನಗೆ ಗಡಿಯಾರ ಬೇಡ” ಎನ್ನುತ್ತಿದ್ದರು. ಹನ್ನೆರಡು ವರ್ಷ ಒಂದೇ ಕುಕ್ಕರು, ಒಂದೇ ಐದು ವಿಸಿಲು, ಬಣ್ಣ ಒಮ್ಮೆಯೂ ಕೈಕೊಟ್ಟಿರಲಿಲ್ಲ. ನಾವು ಅವರನ್ನು ಐದು ವಿಸಿಲಿನ ಚೆನ್ನಯಣ್ಣ ಎಂದೇ ಕೀಟಲೆ ಮಾಡುತ್ತಿದ್ದೆವು.

ಹೋದ ಜೂನಿನಲ್ಲಿ ಆ ಕುಕ್ಕರಿನ ಹಿಡಿ ಮುರಿಯಿತು. ಚೆನ್ನಯಣ್ಣ ವಿಕ್ರೋಳಿ ಸ್ಟೇಷನ್ ಹತ್ತಿರದ ಅಂಗಡಿಯಿಂದ ಒಂದೇ ಕಂಪನಿಯ ಎರಡು ಹೊಸ ಕುಕ್ಕರು ತಂದರು, ಒಂದು ಲ್ಯಾಬಿಗೆ, ಒಂದು ಮನೆಗೆ. ಮನೆಯದೂ ಹಳತಾಗಿತ್ತಂತೆ.

ಅದೇ ವಾರ ನಮ್ಮಲ್ಲಿಗೆ ಸುಂದ್ರವ್ವನ ಬ್ಲಾಕು ಬಂತು. ಸುಂದ್ರವ್ವನಿಗೆ ನಲವತ್ತೊಂಬತ್ತು ವರ್ಷ, ಸುರಪುರದ ಕಡೆಯವಳು, ಮುಂಬೈಯ ಬಿಲ್ಡಿಂಗುಗಳಿಗೆ ಇಟ್ಟಿಗೆ ಸಿಮೆಂಟು ಹೊತ್ತು ಬದುಕಿದವಳು. ಬೀಡಿ ಮುಟ್ಟಿದವಳಲ್ಲ. ಕೆಮ್ಮು ಬಂದಾಗ ಟಿಬಿ ಎಂದು ನಾಲ್ಕು ತಿಂಗಳು ಮಾತ್ರೆ ನುಂಗಿಸಿದರು. ಕೊನೆಗೆ ಶ್ವಾಸಕೋಶಕ್ಕೆ ಸೂಜಿ ಹಾಕಿ ಚೂರು ತೆಗೆದಾಗ ಕ್ಯಾನ್ಸರ್ ಎಂದು ತಿಳಿಯಿತು. ಆ ಸೂಜಿಯಿಂದ ಶ್ವಾಸಕೋಶದ ಗಾಳಿ ಸೋರಿ ಎದೆಗೆ ನಳಿಗೆ ಹಾಕಬೇಕಾಯಿತು. ಇನ್ನೊಮ್ಮೆ ಸೂಜಿ ಹಾಕಿದರೆ ಜೀವಕ್ಕೇ ಅಪಾಯ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಆಕೆಯ ಮಗಳು ಭುವನೇಶ್ವರಿ, ಪಾರ್ಸೆಲ್ ಗೋದಾಮಿನಲ್ಲಿ ಕೆಲಸ ಮಾಡುವ ಹುಡುಗಿ. ತಾಯಿಯ ಮೇಣದ ಬಿಲ್ಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ತಂದಿದ್ದಳು. ನಮ್ಮ ಊರಿನಲ್ಲಿ ಬ್ಲಾಕು ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಹೋಗುವುದು ಹೀಗೆ, ಮನೆಯವರ ಕೈಯಲ್ಲೇ.

ಚೆನ್ನಯಣ್ಣ ಕೊಯ್ದರು, ಐದು ವಿಸಿಲು ಕೂಗಿಸಿದರು, ಬಣ್ಣ ಹಾಕಿದರು. ಜೊತೆಯಲ್ಲಿ ಪ್ರತಿ ಸಲ ಒಂದು ಥೈರಾಯಿಡ್ ಚೂರನ್ನೂ ಬೇಯಿಸುತ್ತೇವೆ. ಅದು ಕಂದಾದರೆ ಬಣ್ಣ ಸರಿಯಾಗಿದೆ ಎಂದು ಲೆಕ್ಕ. ಅದು ಚೆನ್ನಾಗಿಯೇ ಕಂದಾಗಿತ್ತು. ಸುಂದ್ರವ್ವನದು ಕಂದಾಗದೆ ತಳಬಣ್ಣದ ನೀಲಿಯಲ್ಲೇ ಉಳಿಯಿತು. ಮೇಡಂ ಬರೆದುಕೊಟ್ಟರು, ನಾನು ಟೈಪ್ ಮಾಡಿದೆ. ಟಿಟಿಎಫ್-ಒನ್ ನೆಗೆಟಿವ್. ಚಹಾ ಕುಡಿಯುತ್ತಲೇ ಟೈಪ್ ಮಾಡಿದೆ, ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಒಂಬತ್ತು ದಿನ ಬಿಟ್ಟು, ಒಂದು ಶುಕ್ರವಾರ ಮಧ್ಯಾಹ್ನ, ಭುವನೇಶ್ವರಿ ಬ್ಲಾಕು ವಾಪಸು ಒಯ್ಯಲು ಬಂದಳು. ಮುಖ ಬಾಡಿತ್ತು. ಈ ಒಂಬತ್ತು ದಿನ ಆಸ್ಪತ್ರೆಯವರು ಸುಂದ್ರವ್ವನ ಹೊಟ್ಟೆಗೆ ನಳಿಗೆ ಇಳಿಸಿ ನೋಡಿದ್ದರು, ಸ್ತನದ ಫೋಟೋ ತೆಗೆದಿದ್ದರು, ಗರ್ಭಕೋಶ ಸ್ಕ್ಯಾನ್ ಮಾಡಿದ್ದರು. ಎಲ್ಲೂ ಮೂಲ ಸಿಕ್ಕಿರಲಿಲ್ಲ.

“ಇನ್ನ ಎಲ್ಲಿ ಹುಡಕ್ತಾರ್ರಿ ಆಂಟಿ?” ಎಂದಳು. “ಅವ್ವಗ ಎರಡು ಮಾತಾಡಿದ್ರ ಮೂರನೇದಕ್ಕ ಉಸುರು ಹತ್ತಂಗಿಲ್ಲ. ಸೋಮವಾರ ಕಿಮೋ ಚಾಲೂ ಮಾಡ್ತಾರಂತ. ಮೂಲ ಗೊತ್ತಿಲ್ದಿದ್ರ ಎಲ್ಲಾದಕ್ಕೂ ಒಂದಽ ಔಷಧ ಕೊಡೋದಂತ. ತಡಕೊಳ್ಳೋದು ಮುಶ್ಕಿಲ್ ಅದ ಅಂತ ಡಾಕ್ಟರೇ ಅಂದ್ರು.”

ಬ್ಲಾಕು ಒಳಗಿನ ಕಪಾಟಿನಲ್ಲಿತ್ತು. ಚೆನ್ನಯಣ್ಣ ಊಟಕ್ಕೆ ಕುಳಿತಿದ್ದರು. ಐದು ನಿಮಿಷ ಕೂತಿರು ಎಂದು ಅವಳಿಗೆ ಹೇಳಿ ನಾನೂ ಡಬ್ಬಿ ಬಿಚ್ಚಿದೆ. ಚೆನ್ನಯಣ್ಣನ ಡಬ್ಬಿಯಲ್ಲಿ ಅಂದು ಕಡಲೆ ಹಾಕಿದ ತೊಂಡೆಕಾಯಿ ಪಲ್ಯ. ಒಂದು ತುತ್ತು ಬಾಯಿಗಿಟ್ಟವರು ಕಟಕ್ಕೆಂದು ಕಡಿದು ಮುಖ ಸಿಂಡರಿಸಿದರು. ಊಟದ ವಿಷಯದಲ್ಲಿ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಂಜಲು ಕೈಯನ್ನು ಎತ್ತಿ ಹಿಡಿದು, ಎಡಗೈಯಲ್ಲಿ ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಇಬ್ಬರೂ ಮಾತಾಡುವುದು ತುಳುವಿನಲ್ಲಿ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನನಗೂ ಅದು ತಿಳಿಯುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಸೇವಂತಿ, ಕಡ್ಲೆ ಕಲ್ಲಿನ ಹಾಗೆ ಉಂಟು. ಎಷ್ಟು ವಿಸಿಲ್ ಕೂಗಿಸಿದ್ದು?”

“ಐದು. ನೀವು ಹೇಳಿದಷ್ಟೇ. ಹಳೇ ಕುಕ್ಕರಲ್ಲಿ ಐದಕ್ಕೆ ಬೆಣ್ಣೆ ಹಾಗೆ ಬೇಯ್ತಿತ್ತು. ನೀವು ತಂದದ್ದು ಒಲೆ ಹಚ್ಚಿದ ಕೂಡ್ಲೇ ಬೊಬ್ಬೆ ಹಾಕ್ತದೆ, ಅರ್ಧ ಹೊತ್ತಲ್ಲಿ ಐದೂ ಕೂಗಿ ಮುಗಿಸ್ತದೆ. ಗಂಜಿಗೆ ನಾನು ಈಗ ಹತ್ತು ಕೂಗಿಸ್ತೇನೆ. ಕಡ್ಲೆ ಮಾತ್ರ ನಿಮ್ಮ ಲೆಕ್ಕದಲ್ಲಿ ಬೇಯಿಸಿದೆ, ನಿಮಗೇ ಗೊತ್ತಾಗ್ಲಿ ಅಂತ.”

“ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?”

“ಹೇಳಿದ್ರೆ ಕೇಳುವ ಜನವಾ ನೀವು?”

ನಾನು ನಕ್ಕೆ. ಚೆನ್ನಯಣ್ಣ ನಗಲಿಲ್ಲ. ಫೋನು ಮೇಜಿನ ಮೇಲೆ ಇನ್ನೂ ಮಾತಾಡುತ್ತಲೇ ಇತ್ತು, ಅವರು ಎದ್ದು ಕೈ ತೊಳೆದು ಸ್ಲೈಡಿನ ಕಪಾಟಿಗೆ ಹೋದರು. ಸುಂದ್ರವ್ವನ ಸ್ಲೈಡನ್ನು ಮೈಕ್ರೋಸ್ಕೋಪಿಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

“ನಡುವೆ ಇರುವುದು ಗಡ್ಡೆ. ಅದನ್ನು ಬಿಡು. ಈ ಅಂಚು ನೋಡು, ಇಲ್ಲಿ ನಾಲ್ಕೈದು ಒಳ್ಳೇ ಕೋಶ ಉಂಟು, ರೋಗ ಇಲ್ಲದ ಶ್ವಾಸಕೋಶದ್ದು. ಅದು ಕಂದು ಆಗ್ಲೇಬೇಕು. ಯಾವತ್ತೂ ಆಗ್ತದೆ. ಅದೂ ನೀಲಿಯೇ ಉಂಟು.”

“ಅಂದರೆ?”

“ಅಂದ್ರೆ ಎಂತ? ಬೇಯಲೇ ಇಲ್ಲ. ಥೈರಾಯಿಡಲ್ಲಿ ಆ ಪ್ರೋಟೀನು ರಾಶಿ ಉಂಟು, ಅರ್ಧ ಬೆಂದರೂ ಕಂದಾಗ್ತದೆ. ಅದನ್ನು ನಂಬಿ ಕೂತೆವು.”

ನಾನು ಬಾಗಿಲಿನತ್ತ ತಿರುಗಿ ನೋಡಿದೆ. ಹೊರಗೆ ಬೆಂಚಿನ ಮೇಲೆ ಆ ಹುಡುಗಿ ಕೂತಿದ್ದಾಳೆ. ಅವಳ ತಾಯಿಯ ಹೊಟ್ಟೆಗೆ ನಳಿಗೆ ಇಳಿಸಿದ್ದು ನಮ್ಮ ಒಂದು ಸಾಲಿನಿಂದ. ಸೋಮವಾರದ ಔಷಧಿಯೂ ಅದೇ ಸಾಲಿನಿಂದ. ಆದರೂ ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? “ಚೆನ್ನಯಣ್ಣ, ಬಣ್ಣದ ಬಾಟಲಿ ಕೆಟ್ಟಿತ್ತು ಅಂತ ಹೇಳಿಬಿಡಿ. ಮಾರ್ಚಿಗೆ ರಿಟೈರ್ ಆಗುವವರು, ಈಗ ಯಾಕೆ ಹೆಸರು ಕೆಡಿಸಿಕೊಳ್ಳುತ್ತೀರಿ?” ಅವರ ಮೇಲಿನ ಪ್ರೀತಿಯಿಂದಲೇ ಹೇಳಿದೆ, ಆದರೆ ಹೇಳಿದ್ದು ಕೆಟ್ಟ ಮಾತು.

ಅವರು ನನ್ನನ್ನು ದುರುಗುಟ್ಟಿ ನೋಡಿದರು. “ಬಾಟಲಿ ಕೆಟ್ಟಿತ್ತು ಅಂದ್ರೆ ಅವರು ಬಾಟಲಿ ಬದಲು ಮಾಡ್ತಾರೆ. ಕುಕ್ಕರು ಅದೇ, ಐದು ವಿಸಿಲು ಅದೇ. ನಾಳೆ ಇನ್ನೊಬ್ಬರ ಸ್ಲೈಡು ಬೇಯುವುದಿಲ್ಲ. ನಿನಗೆ ತಲೆ ಸರಿ ಉಂಟಾ ಅನುರಾಧಾ?” ಎಂದು ನೇರ ಮೇಡಂ ಕೋಣೆಗೆ ನುಗ್ಗಿದರು.

ಸ್ನೇಹಲ್ ಮೇಡಂ ಒಳ್ಳೆಯವರು, ಆದರೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಪೂರ್ತಿ ಕೇಳಿದ ಮೇಲೆ ಮೆಲ್ಲಗೆ, “ಘಡೀ ದೀವಾರ್ ಪರ್ ಥೀ, ಚೆನ್ನಯ” ಎಂದರು, ಗಡಿಯಾರ ಗೋಡೆಯ ಮೇಲೇ ಇತ್ತಲ್ಲ ಎಂದು. ಚೆನ್ನಯಣ್ಣ ತಲೆ ತಗ್ಗಿಸಿ ನಿಂತರು. ಅಷ್ಟು ವರ್ಷದಲ್ಲಿ ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಮೇಡಂ ತಾವೇ ಸ್ಲೈಡಿನ ಅಂಚನ್ನು ನೋಡಿದರು. ಕಣ್ಣು ತೆಗೆಯದೆಯೇ, ಈ ಕೋಶಗಳನ್ನು ಅಂದೇ ನಾನೂ ನೋಡಬೇಕಾಗಿತ್ತು, ನೋಡಲಿಲ್ಲ ಎಂದರು. ನಾನು ಅವರ ಬಗ್ಗೆ ಬೆನ್ನ ಹಿಂದೆ ಆಡಿದ ಮಾತನ್ನೆಲ್ಲ ಆ ಕ್ಷಣವೇ ಹಿಂದಕ್ಕೆ ತೆಗೆದುಕೊಂಡೆ.

ಮೇಡಂ ಬ್ಲಾಕು ತರಿಸಿ ಬೆಳಕಿಗೆ ಹಿಡಿದರು. ಇಬ್ಬರು ಮೂವರು ಕೊಯ್ದು ಕೊಯ್ದು ಮೇಣದಲ್ಲಿ ಉಳಿದಿದ್ದದ್ದು ದಾರದ ತುಂಡಿನಂಥ ಒಂದು ಬಿಳಿ ಗೆರೆ, ಅದೂ ತೀರಾ ತೆಳುವಾಗಿ. ಹೊಸದಾಗಿ ಚೂರು ತೆಗೆಯುವಂತಿಲ್ಲ. ಟಿಟಿಎಫ್-ಒನ್ನಿಗೆ ಒಂದು ಪದರ ಸಾಲದು. ಶ್ವಾಸಕೋಶದ್ದೇ ಎಂದು ತಿಳಿದ ಮೇಲೆ ಇನ್ನೊಂದು ಜೀನ್ ಪರೀಕ್ಷೆ ಮಾಡಬೇಕು. ಅದರಲ್ಲಿ ಒಂದು ನಿರ್ದಿಷ್ಟ ದೋಷ ಸಿಕ್ಕಿದರೆ ದಿನಕ್ಕೊಂದು ಗುಳಿಗೆಯಲ್ಲೇ ಗಡ್ಡೆ ಕರಗಿಸಬಹುದು, ಬೀಡಿ ಸಿಗರೇಟು ಸೇದದ ಹೆಂಗಸರಲ್ಲಿ ಆ ದೋಷ ಸಿಗುವುದು ಹೆಚ್ಚು. ಅದಕ್ಕೆ ಕಡಿಮೆಯೆಂದರೆ ಆರು ಪದರ ಬೇಕು. ಒಟ್ಟು ಏಳು. ಸಾಮಾನ್ಯವಾಗಿ ಬ್ಲಾಕನ್ನು ಯಂತ್ರಕ್ಕೆ ಹೊಂದಿಸುವಾಗಲೇ ಮೊದಲ ಹತ್ತು ಪದರ ಹಾಳಾಗುತ್ತದೆ. ಇಲ್ಲಿ ಇದ್ದದ್ದೇ ಅಷ್ಟು.

ಅಷ್ಟರಲ್ಲಿ ಚೆನ್ನಯಣ್ಣ ಬ್ಲಾಕು ಹಿಡಿದು ಹೊರಗೆ ಹೋಗಿ ಭುವನೇಶ್ವರಿಯ ಎದುರು ನಿಂತಿದ್ದರು. ಮೇಡಂ ತಾವೇ ಹೇಳುತ್ತೇನೆ ಎಂದಿದ್ದರು, ಇವರು ಕಾಯಲಿಲ್ಲ. “ಮಗಾ, ನಿನ್ನ ಅಮ್ಮನ ಪರೀಕ್ಷೆ ತಪ್ಪಿತು. ಬೇಯಿಸಿದ್ದು ನಾನು, ತಪ್ಪು ನನ್ನದು. ಈಗ ಮತ್ತೆ ಮಾಡ್ತೇನೆ.”

ಹುಡುಗಿ ಎದ್ದು ನಿಂತಳು. “ಮತಲಬ್ ಒಂಬತ್ತ ದಿನ ನಮ್ಮವ್ವ ಸುಮ್ನಽ ನಳಿಗಿ ನುಂಗಿದ್ಲೇನ್ರಿ? ಸುಮ್ನಽ?” ಅವಳು ಕೈ ಮುಂದೆ ಚಾಚಿದಳು. “ಬ್ಲಾಕ್ ಕೊಡ್ರಿ. ಬ್ಯಾರೆ ಕಡೆ ಒಯ್ತೀನಿ.”

ಅವಳ ಸಿಟ್ಟು ನ್ಯಾಯವಾಗಿತ್ತು. ಬ್ಲಾಕನ್ನು ಅವಳ ಕೈಯಲ್ಲಿಟ್ಟು ಚೆನ್ನಯಣ್ಣ ಹೇಳಿದರು, “ಕೊಂಡ್ಹೋಗು. ಆದ್ರೆ ಒಂದು ಮಾತು ಕೇಳು. ಇದರಲ್ಲಿ ಒಂದೇ ಸಲ ಕೊಯ್ಯುವಷ್ಟು ಉಳಿದಿದೆ. ಯಾರು ಕೊಯ್ದ್ರೂ ಒಂದೇ ಸಲ. ಬೇಯಿಸುವುದರಲ್ಲಿ ನಾನು ತಪ್ಪಿದೆ, ಸುಳ್ಳು ಹೇಳುವುದಿಲ್ಲ. ಕೊಯ್ಯುವುದರಲ್ಲಿ ಇವತ್ತಿನವರೆಗೆ ತಪ್ಪಿದವ ಅಲ್ಲ. ಆಮೇಲೆ ನಿನ್ನ ಇಷ್ಟ.”

ಭುವನೇಶ್ವರಿ ಬ್ಲಾಕನ್ನೂ ಅವರ ಮುಖವನ್ನೂ ನೋಡಿದಳು. ಬೆಂಚಿನ ಮೇಲೆ ಕುಳಿತಳು, ಮತ್ತೆ ಎದ್ದಳು. ಕೊನೆಗೆ ಬ್ಲಾಕನ್ನು ವಾಪಸು ಕೊಟ್ಟು, “ನಾ ಇಲ್ಲೇ ನಿಂತು ನೋಡ್ತೀನಿ” ಎಂದಳು. ಲ್ಯಾಬಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಅಂದು ಮೇಡಂ ಬಾಗಿಲು ಪೂರ್ತಿ ತೆರೆದಿಟ್ಟು ಅವಳನ್ನು ಹೊಸಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು.

ಚೆನ್ನಯಣ್ಣ ಬ್ಲಾಕನ್ನು ಮಂಜುಗಡ್ಡೆಯ ಮೇಲೆ ಮಕಾಡೆ ಮಲಗಿಸಿ ತಣಿಸಿದರು. ಫ್ಯಾನ್ ಆರಿಸಲು ಹೇಳಿದರು, ಏಕೆಂದರೆ ಉಸಿರು ಬಿಟ್ಟರೂ ಹಾರಿಹೋಗುವ ಪದರ ಅದು. ಹೊಸ ಬ್ಲೇಡು ಹಾಕಿದರು. ಬ್ಲಾಕನ್ನು ಬ್ಲೇಡಿನ ಅಂಚಿಗೆ ತಂದು, ನಡುವಿನ ಸಂದಿಯಲ್ಲಿ ಬೀಳುವ ಬೆಳಕಿನ ಗೆರೆ ನೋಡುತ್ತಾ ಸ್ಕ್ರೂ ತಿರುಗಿಸತೊಡಗಿದರು. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇದ್ದರೆ ಬ್ಲಾಕು ಓರೆ ಇದೆ ಎಂದರ್ಥ. ಎರಡೂ ಕಡೆ ಸಮ ಆಗುವವರೆಗೆ ಕೈಯನ್ನು ಕೂದಲೆಳೆಯಷ್ಟು ಆಡಿಸುತ್ತಾ ಇಪ್ಪತ್ತು ನಿಮಿಷ ಬಗ್ಗಿ ನಿಂತರು. ಅಂಗಿ ಬೆನ್ನಿಗೆ ಅಂಟಿತು.

ಆಮೇಲೆ ಚಕ್ರ ತಿರುಗಿಸಿದರು. ಮೊದಲ ಸುತ್ತಿಗೇ ಪದರ ಬಂತು, ಚೂರೂ ವ್ಯರ್ಥವಾಗದೆ. ಎರಡು, ಮೂರು, ನಾಲ್ಕು. ಒಂದರ ತುದಿಗೆ ಇನ್ನೊಂದು ಅಂಟಿಕೊಂಡು ಸಣ್ಣ ಪಟ್ಟಿಯಾಗಿ ಇಳಿಯಿತು. ಭುವನೇಶ್ವರಿ ಗಟ್ಟಿಯಾಗಿ ಎಣಿಸತೊಡಗಿದಳು, ಯಾರೂ ಅವಳನ್ನು ತಡೆಯಲಿಲ್ಲ. ಏಳಾಯಿತು, ಎಂಟಾಯಿತು. ಒಂಬತ್ತನೆಯದಾದ ಮೇಲೆ ಬರೀ ಮೇಣ ಬಂತು. ಚೆನ್ನಯಣ್ಣ ಪಟ್ಟಿಯನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು ಒಂಬತ್ತನ್ನೂ ಗಾಜಿಗೇರಿಸಿದರು. ಆಮೇಲೆಯೇ ಬೆನ್ನು ನೆಟ್ಟಗೆ ಮಾಡಿದ್ದು.

ಟಿಟಿಎಫ್-ಒನ್ ಹಾಕುವ ಪದರದ ಪಕ್ಕದಲ್ಲೇ, ಅದೇ ಗಾಜಿನ ಮೇಲೆ, ಈ ಸಲ ಥೈರಾಯಿಡ್ ಬಿಟ್ಟು ಬೇರೊಬ್ಬರ ಒಳ್ಳೆಯ ಶ್ವಾಸಕೋಶದ ಚೂರೊಂದನ್ನು ಕೂರಿಸಿದರು. ಕುಕ್ಕರು ಏರಿತು. ವಿಸಿಲು ಒಂದರ ಮೇಲೊಂದು ಕೂಗಿತು. ಚೆನ್ನಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಗಡಿಯಾರ ನೋಡುತ್ತಾ ನಿಂತರು, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ. ನಗು ಬಂದರೂ ನುಂಗಿಕೊಂಡೆ.

ಬಣ್ಣ ಮುಗಿಯುವಾಗ ಸಂಜೆ ಆರೂವರೆ. ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಒಳ್ಳೆಯ ಚೂರು ಮೊದಲು, ಆಮೇಲೆ ಸುಂದ್ರವ್ವನದು. ಎದ್ದು ಭುವನೇಶ್ವರಿಯನ್ನು ಕರೆದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. “ದೇಖ್, ಕ್ಯಾ ದಿಖ್ ರಹಾ ಹೈ?” ಎಂದರು, ಏನು ಕಾಣುತ್ತದೆ ನೋಡು ಎಂದು.

“ಕಂದು ಚುಕ್ಕಿ ಅದಾವ್ರಿ. ಪೂರಾ ಚುಕ್ಕೀನಽ ಅದಾವ” ಎಂದಳು ಹುಡುಗಿ. “ಅಂದ್ರ?”

“ಅಂದ್ರೆ ಶ್ವಾಸಕೋಶದ್ದೇ ಮಗಾ” ಎಂದರು ಚೆನ್ನಯಣ್ಣ. “ಇನ್ನು ಎಲ್ಲಿಯೂ ಹುಡುಕುವುದು ಬೇಡ.”

ಕ್ಯಾನ್ಸರ್ ಎಲ್ಲಿ ಹುಟ್ಟಿತೆಂದು ತಿಳಿದು ಯಾರಾದರೂ ಖುಷಿಪಡುತ್ತಾರೆಯೇ? ನಾವು ಪಟ್ಟೆವು. ಹುಡುಗಿ ಅಳುತ್ತಾ ನಕ್ಕಳು. ತಿದ್ದಿದ ರಿಪೋರ್ಟನ್ನು ಟೈಪ್ ಮಾಡುವಾಗ ನಾನು ಪಾಸಿಟಿವ್ ಎಂಬ ಪದವನ್ನು ಮೂರು ಸಲ ಓದಿ ನೋಡಿದೆ. ಮೊದಲ ಪರೀಕ್ಷೆ ಯಾಕೆ ತಪ್ಪಿತು ಎಂಬುದನ್ನೂ ಮೇಡಂ ಒಂದು ಸಾಲು ಬರೆಸಿದರು, ಮುಚ್ಚಿಡಲಿಲ್ಲ. ಆಸ್ಪತ್ರೆಯವರು ಸೋಮವಾರದ ಔಷಧಿ ನಿಲ್ಲಿಸಿದರು. ಉಳಿದ ಎಂಟು ಪದರ ದೊಡ್ಡ ಲ್ಯಾಬಿಗೆ ಹೋಯಿತು. ಹನ್ನೊಂದನೇ ದಿನ ಉತ್ತರ ಬಂತು. ಗುಳಿಗೆಗೆ ಬಗ್ಗುವ ದೋಷವೇ ಸಿಕ್ಕಿತ್ತು.

ಹೊಸ ಕುಕ್ಕರಿನಲ್ಲಿ ಬೇಯಿಸಿದ ಎಲ್ಲರ ಸ್ಲೈಡುಗಳನ್ನೂ ಚೆನ್ನಯಣ್ಣ ಮತ್ತೆ ಮಾಡಿದರು, ಒಂದು ವಾರ ರಜೆಯಿಲ್ಲದೆ. ಬೇರೆ ಯಾರ ಉತ್ತರವೂ ಬದಲಾಗಲಿಲ್ಲ, ದೇವರು ದೊಡ್ಡವನು.

ಈ ಜನವರಿಯ ಒಂದು ಶನಿವಾರ ಬೆಳಿಗ್ಗೆ, ನಮ್ಮ ಬಿಲ್ಡಿಂಗಿನ ಲಿಫ್ಟು ಎಂದಿನಂತೆ ಕೆಟ್ಟು ನಿಂತಿದ್ದಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಮೂರು ಮಹಡಿ ಹತ್ತಿ ಬಂದು ನನ್ನ ಮೇಜಿನ ಎದುರು ನಿಂತಳು. “ಕುಕ್ಕರ್ ಮಾಮಾ ಯಾರ್ರಿ ಇಲ್ಲಿ?” ಎಂದಳು, ಇಡೀ ಲ್ಯಾಬಿಗೆ ಕೇಳುವಂತೆ. ಒಂದು ನಿಮಿಷದ ಮೇಲೆ ಅವಳ ಹಿಂದೆ ಏದುಸಿರು ಬಿಡುತ್ತಾ ಬಂದವಳು ಭುವನೇಶ್ವರಿ.

ಚೆನ್ನಯಣ್ಣ ಹೊರಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ನಮಗೆ ರೋಗಿಗಳು ಗೊತ್ತಿರುವುದು ಬ್ಲಾಕಿನ ನಂಬರಿನಿಂದ. ಮೂವತ್ತೈದು ವರ್ಷದಲ್ಲಿ ಅವರು ಕೊಯ್ದ ಬ್ಲಾಕಿನ ಯಜಮಾನರು ಯಾರೂ ಹೀಗೆ ಎದುರು ಬಂದು ನಿಂತಿರಲಿಲ್ಲ.

“ತಪ್ಪ ಮಾಡಿದಾಂವ ನೀನಽ ಅಂತಲ್ಲಪಾ?” ಎಂದಳು ಸುಂದ್ರವ್ವ.

“ಹೌದಕ್ಕ. ನಾನೇ.”

“ಒಪ್ಪಿಕೊಂಡಾಂವಾನೂ ನೀನಽ ಅಂತ.”

ಚೆನ್ನಯಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡರು.

“ನಾ ಇಪ್ಪತ್ತೆಂಟ ವರ್ಷ ಬಿಲ್ಡಿಂಗ್ ಕೆಲಸ ಮಾಡೀನಿ. ಗ್ವಾಡಿ ಸೊಟ್ಟ ಆದ್ರ ಯಾರೂ ಒಪ್ಪಂಗಿಲ್ಲ, ಮ್ಯಾಲ ಪ್ಲಾಸ್ಟರ್ ಬಡದು ಮುಚ್ತಾರ. ನೀ ಒಡದು ತೋರ್ಸಿದಿ, ಮತ್ತ ಕಟ್ಟಿದಿ. ಅದಕ್ಕಽ ಮೂರು ಅಂತಸ್ತ ಏರಿ ಬಂದೀನಿ, ನಡುವ ಒಮ್ಮಿನೂ ನಿಂತಿಲ್ಲ. ಬೇಕಾದ್ರ ಇಕೀನ ಕೇಳು.”

ಗಡ್ಡೆ ಪೂರ್ತಿ ಹೋಗಿದೆ ಎಂದು ಆಸ್ಪತ್ರೆಯವರು ಹೇಳಿಲ್ಲ. ನಿಂಬೆಹಣ್ಣಿನಷ್ಟಿದ್ದದ್ದು ಕಡಲೆಬೇಳೆಯಷ್ಟಾಗಿದೆ ಎಂದಿದ್ದಾರೆ. ಗುಳಿಗೆ ನಡೆಯುತ್ತಿದೆ. ಇಟ್ಟಿಗೆ ಹೊರುವುದನ್ನು ಬಿಟ್ಟು ಸೈಟಿನವರಿಗೆ ಅಡುಗೆ ಮಾಡುತ್ತಾಳೆ. ಮೇಡಂ ಚಹಾ ತರಿಸುತ್ತೇನೆ ಎಂದರೆ ಕೂರಲಿಲ್ಲ. “ಹದಿನೆಂಟು ಮಂದಿಗೆ ರೊಟ್ಟಿ ಬಡೀಬೇಕ್ರಿ, ಹೊತ್ತಾತು” ಎಂದು ಚೆನ್ನಯಣ್ಣನ ಎರಡೂ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು ಹೊರಟೇಬಿಟ್ಟಳು.

ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು. ಕೆಳಗೆ ರಸ್ತೆಯಲ್ಲಿ ಬೆಸ್ಟ್ ಸಿಟಿ ಬಸ್ಸೊಂದು ಹೊರಡುವುದರಲ್ಲಿತ್ತು. ಸುಂದ್ರವ್ವ ಸೆರಗು ಬಿಗಿದು, ರಿಕ್ಷಾಗಳ ನಡುವೆ ನುಗ್ಗಿ, ಓಡತೊಡಗಿದಳು. “ಅವ್ವಾ, ನಿಂದ್ರಽ! ನನಗ ಆಗಂಗಿಲ್ಲ!” ಎಂದು ಮಗಳು ಹಿಂದಿನಿಂದ ಕೂಗುತ್ತಿದ್ದಳು. ತಾಯಿ ನಿಲ್ಲಲಿಲ್ಲ. ಬಸ್ಸಿನ ಕಂಬಿ ಹಿಡಿದು ಮೆಟ್ಟಿಲು ಹತ್ತಿ, ಒಳಗಿಂದ ಮಗಳಿಗೆ ಕೈ ಚಾಚಿ ಮೇಲಕ್ಕೆಳೆದುಕೊಂಡಳು.

ಚೆನ್ನಯಣ್ಣ ಕಿಟಕಿಯ ಸರಳು ಹಿಡಿದು ಸಣ್ಣ ಮಗುವಿನ ಹಾಗೆ ಕೂಗಿದರು, “ಓಡಿದಳು ಮಾರಾಯ್ತಿ! ನೋಡಿದೆಯಾ, ಓಡಿದಳು!”